ಉಳಿದರ್ಧ

ಬ್ಯಾಲರಾಟ್‌ನ ಸ್ಟರ್ಟ್ ಬೀದಿಯಲ್ಲಿ
ನನ್ನ ಔಷಧಿ ಅಂಗಡಿಯ ಬೋರ್ಡು ಬರೆದವನು ಮರ್ವಿನ್ ಟ್ರೆಲೋರ್.
ಏಣಿಯ ತುದಿಯಲ್ಲಿ ನಿಂತು, ಮಣಿಕಟ್ಟಿಗೊಂದು ಆಸರೆಯ ಕೋಲು,
ಅಳಿಲುಗೂದಲ ಕುಂಚ.
ಬಾಯಲ್ಲಿ ಉಸಿರು ಹಿಡಿದು ಅವನು ‘ಎಸ್’ ಅಕ್ಷರದ ಬೆನ್ನು ತಿರುವುವಾಗ
ದಾರಿಹೋಕರೂ ಉಸಿರು ಹಿಡಿಯುತ್ತಿದ್ದರು.

ಅರವತ್ತೆರಡಕ್ಕೆ ಬಲಗೈ ಹೆಬ್ಬೆರಳು
ಇಲ್ಲದ ಗುಳಿಗೆಯೊಂದನ್ನು ಉರುಳಿಸತೊಡಗಿತು.
ವೈದ್ಯರ ಪುಸ್ತಕದಲ್ಲೂ ಅದಕ್ಕೆ ಅದೇ ಹೆಸರು, ಗುಳಿಗೆಯುರುಳಿಸುವ ನಡುಕ.
ಕೆಲವೇ ವಾರಗಳಲ್ಲಿ
ಇರುವ ಗುಳಿಗೆಗಳನ್ನೇ ನಾನು ಎಣಿಸಿ ಕೊಟ್ಟೆ.
ಕೈ ನಿಂತಿತು. ಒಂದು ಡಬ್ಬಿ ಜೇನು ತಂದುಕೊಟ್ಟ.

ನೆತ್ತಿಯ ಕೆಳಗೆ ಎಲ್ಲೋ ಆಳದಲ್ಲಿ
ಎರೆಮಣ್ಣಿನಂಥ ಕಪ್ಪು ತುಂಡೊಂದಿದೆ, ಹುಣಸೆಬೀಜದಷ್ಟು.
ಅದು ಸವಕಲು ಬಿದ್ದು ಬಿಳಿಚಿಕೊಂಡರೆ ಕೈ ನಡುಗುತ್ತದೆ.
ಹೊರಗಿನಿಂದ ನೀರು ಹಾಯಿಸುತ್ತೇವೆ.
ಯಾವ ಗದ್ದೆಗೆ ಬಿಟ್ಟ ನೀರು ಯಾವ ಗದ್ದೆಗೆ ನುಗ್ಗಿತು ಎಂದು
ಕಟ್ಟೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಬೆರಿಲ್‌ಗೆ ಕಂಡಿತು.
ಮೊದಲು ಏಣಿ ಹೋಯಿತು. ಆಮೇಲೆ ವ್ಯಾನು,
ಆಮೇಲೆ ಅವಳಮ್ಮನ ಹೊಲಿಗೆ ಯಂತ್ರ.
ಊರೆಲ್ಲ ಕುದುರೆಗೆ ಹಣ ಕಟ್ಟುವ ದಿನ
ನಲವತ್ತು ವರ್ಷ ಬೇಲಿಗೆ ಬಣ್ಣ ಬಳಿದುಕೊಂಡಿದ್ದ ಗಂಡ
ಬೆಳಗಿನ ಹತ್ತಕ್ಕೇ ಕ್ಲಬ್ಬಿನ ಪೋಕಿ ಯಂತ್ರದ ಮುಂದೆ,
ತಿರುಗುವ ಚೆರ್ರಿ ಹಣ್ಣುಗಳ ಬೆಳಕು ಮುಖದ ಮೇಲೆ.
ಇಗರ್ಜಿಯವರು ಮನೋಬಲ ಸಾಲದು ಎಂದರು.
ಮಗಳು, ಇದು ಮೊದಲಿಂದಲೂ ಒಳಗಿತ್ತು, ಮುಚ್ಚಿಟ್ಟಿದ್ದ ಅಷ್ಟೆ, ಎಂದಳು.
ನಾನೂ ಮನಸ್ಸಿನಲ್ಲೇ ಅಂದುಕೊಂಡೆ:
ಹುಟ್ಟುಗುಣ ಸುಟ್ಟರೂ ಹೋಗದು.

ಅರ್ಧ ಮಾತ್ರೆಗೆ ಹೋಯಿತು.

ನಾನೇ ಮಡಿಸಿ ಮಡಿಸಿ ಡಬ್ಬಿಯೊಳಗೆ ತುರುಕುತ್ತಿದ್ದ ಹಾಳೆ.
ಇರುವೆ ಸಾಲಿನಂಥ ಅಕ್ಷರ, ಎರಡನೇ ಪುಟ, ಕೆಳಗಿನಿಂದ ಏಳನೇ ಸಾಲು:
ಜೂಜಿನ ಹಂಬಲ ಕಾಣಿಸಿಕೊಂಡಲ್ಲಿ ವೈದ್ಯರಿಗೆ ತಿಳಿಸಿ.
ಹನ್ನೊಂದು ವರ್ಷ ಓದಿರಲಿಲ್ಲ.
ಮೆಲ್ಬರ್ನಿನ ನರವೈದ್ಯೆಗೆ ಫೋನು ಮಾಡುವಾಗ
ನನ್ನ ಕೈಯೂ ಸ್ವಲ್ಪ ನಡುಗಿತು.
ಅದು ಬೇರೆ ನಡುಕ. ಅದಕ್ಕೆ ಮಾತ್ರೆ ಕೇಳಲಿಲ್ಲ.

ಹಣೆಬರಹ ಹಣೆಯ ಮೇಲಿರುತ್ತದೆ ಎಂದು ಕೇಳಿ ಬೆಳೆದವಳು ನಾನು.
ಬರಹವಿರುವುದು ಎಲುಬಿನ ಆಚೆ.
ಅಲ್ಲಿ ಬಣ್ಣ ಒಣಗುವುದೇ ಇಲ್ಲ.
ಯಾರ ತೋಳು ತಾಗಿದರೂ, ಜ್ವರ ತಾಗಿದರೂ,
ಒಂದು ಲೋಟ ಕಾಫಿ ತಪ್ಪಿದರೂ ಕದಡುತ್ತದೆ.
ಅಂಗಡಿ ಬೀಗವನ್ನು ಮೂರು ಸಲ ಎಳೆದು ನೋಡುವ ನನ್ನನ್ನು
ಎಲ್ಲಿ ಬರೆದಿದೆಯೋ, ಯಾವ ಕುಂಚವೋ.

ಐದು ವಾರದ ಮೇಲೆ ಬಂದ.
“ಅದು ನಾನಲ್ಲ ಅನ್ನಲಾರೆ, ಕಿನಿ.”
ಮಂದಾಕಿನಿ ಅವನ ಬಾಯಲ್ಲಿ ಯಾವತ್ತೂ ಅಷ್ಟೇ.
“ಮೂರು ಗಂಟೆ ಸಾಲಾಗಿ ಬಂದು ನಿಂತಾಗ ನಕ್ಕವನು ನಾನೇ.
ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.”
ಬೆರಿಲ್ ಪಕ್ಕದಲ್ಲೇ ನಿಂತಿದ್ದಳು,
ಕೆಮ್ಮಿನ ಪೆಪ್ಪರಮಿಂಟಿನ ಬೆಲೆಯನ್ನು ಬಹಳ ಹೊತ್ತು ಓದುತ್ತ.

ಹೆಬ್ಬೆರಳು ಮತ್ತೆ ಉರುಳಿಸುತ್ತಿದೆ.
ಬೋರ್ಡಿನ ‘ಎಸ್’ ಬಿಸಿಲಿಗೆ ಸಿಪ್ಪೆ ಬಿಟ್ಟಿದೆ,
ಅವನು ಅದನ್ನು ನೋಡುತ್ತಾನೆ, ನಾನು ಅವನು ನೋಡುವುದನ್ನು ನೋಡುತ್ತೇನೆ,
ಇಬ್ಬರೂ ಕೆರೆಯ ಮೇಲಿನ ಮಂಜಿನ ಮಾತಾಡುತ್ತೇವೆ.

ಮಾತ್ರೆಯ ನಡುಗೀಟಿಗೆ ಚಾಕು ಇಟ್ಟು ಒತ್ತುತ್ತೇನೆ.
ಅರ್ಧ ಅವನ ವಾರದ ಪೆಟ್ಟಿಗೆಗೆ.
ಚೂರಾದ ಉಳಿದರ್ಧವನ್ನು
ತಗಡಿನ ಡಬ್ಬಿಗೆ ಹಾಕುತ್ತೇನೆ.
ನಾಣ್ಯ ಬಿದ್ದ ಹಾಗೆ ಸದ್ದು.
ಬಾಗಿಲ ತನಕ ಹೋದವನು
ತಿರುಗಿ ನೋಡುತ್ತಾನೆ.